ಬ್ರಿಜ್ ಪಿನ್ ಮೇಲೇಳೋದು ನಿಂತಿದ್ದು ಹೀಗೆ

ಗಿಟಾರಿನ ತಂತಿಯ ಬುಡವನ್ನು ಬ್ರಿಜ್ಜಿನ, ಅಂದರೆ ಮೈಮೇಲೆ ಅಂಟಿಸಿದ ಪಟ್ಟಿಯ, ತೂತಿನಲ್ಲಿ ಹಿಡಿದಿಡುವ ಪುಟ್ಟ ಗೂಟವೇ ಬ್ರಿಜ್ ಪಿನ್. ನನ್ನ ಗಿಟಾರಲ್ಲಿ ಅವು ಮೇಲೇಳುತ್ತಿದ್ದವು. ಪಿನ್ ಬದಲಿಸಿ ಪ್ರಯೋಜನವಿಲ್ಲ, ಬ್ರಿಜ್ಜನ್ನೇ ಕಿತ್ತು ಹೊಸದು ಹಾಕಿಸಬೇಕು ಅಂತ ಚಿಕ್ಕಮಗಳೂರಿನ ಗಿಟಾರ್ ಗೆಳೆಯರೆಲ್ಲ ಹೇಳಿದ್ದರು. ಬ್ರಿಜ್ ಮುಟ್ಟಲಿಲ್ಲ. ಈಗ ಒಂದು ಮಳೆಗಾಲ ಪೂರ್ತಿ ಕಳೆದಿದೆ, ಆರರಲ್ಲಿ ಒಂದು ಪಿನ್ನೂ ಮೇಲೆದ್ದಿಲ್ಲ.

ದುಡ್ಡು ಹೋಗಿದ್ದು ಮೂರು ಸೆಟ್ಟಿಗೆ. ಪ್ಲಾಸ್ಟಿಕ್ಕಿನದು ನೂರರ ಆಸುಪಾಸು, ಮೂಳೆಯದು ಐನೂರು ಚಿಲ್ಲರೆ, ಹಿತ್ತಾಳೆಯದು ಏಳುನೂರಿರಬೇಕು. ಪ್ಲಾಸ್ಟಿಕ್ ಬಾಗಿತು, ಮೂಳೆಯ ಎರಡು ಪಿನ್ ತುದಿಯಲ್ಲಿ ಮುರಿದವು. ಹಿತ್ತಾಳೆ ಆರೂ ಸೇರಿ ಹದಿನೆಂಟು ಗ್ರಾಂ ತೂಗಿತು, ಪ್ಲಾಸ್ಟಿಕ್ ಮೂರು ಗ್ರಾಂ ಕೂಡ ಇರಲಿಲ್ಲ. ಆ ತೂಕಕ್ಕೆ ನಾದ ಚೂಪಾಯಿತೇ ಹೊರತು ಪಿನ್ ಏಳೋದು ತಪ್ಪಲಿಲ್ಲ.

ಎಲ್ಲರೂ ಮಾಡುವ ತಪ್ಪೇ ನನ್ನದೂ: ಯಾವುದರಲ್ಲಿ ಮಾಡಿದ್ದು ಅಂತ ನೋಡಿದೆ, ಓರೆ, ಅಂದರೆ ತಲೆಯಿಂದ ತುದಿಗೆ ಎಷ್ಟು ಸಣ್ಣಗಾಗುತ್ತದೆ ಅನ್ನೋದು, ನೋಡಲಿಲ್ಲ. ಪಿನ್‌ಗಳಲ್ಲಿ 3 ಡಿಗ್ರಿ, 5 ಡಿಗ್ರಿ ಅಂತ ಎರಡು ಓರೆ ಚಾಲ್ತಿಯಲ್ಲಿವೆ. ಕ್ಯಾಲಿಪರ್‌ನಲ್ಲಿ ತಲೆಯ ಕೆಳಗೊಮ್ಮೆ, ಅಲ್ಲಿಂದ 20 ಮಿ.ಮೀ. ಕೆಳಗೊಮ್ಮೆ ಅಳೆಯಿರಿ. ದಪ್ಪ 1 ಮಿ.ಮೀ.ನಷ್ಟು ಇಳಿದರೆ 3 ಡಿಗ್ರಿ, ಒಂದೂಮುಕ್ಕಾಲು ಇಳಿದರೆ 5.

ತೂತಿನ ಓರೆಗೆ 6ಬಿ ಪೆನ್ಸಿಲ್ ಸಾಕು. ತಂತಿ ತೆಗೆದು, ಪಿನ್ನಿನ ಮೈಗೆಲ್ಲ ಪೆನ್ಸಿಲ್ ಬಳಿದು, ತೂತಿಗೆ ಒತ್ತಿ ಅರ್ಧ ಸುತ್ತು ತಿರುಗಿಸಿ ತೆಗೆಯಿರಿ. ಉಜ್ಜಿದ ಕಡೆ ಸೀಸ ಹೋಗಿ ಮೈ ಕಾಣುತ್ತದೆ. ತಲೆಯ ಹತ್ತಿರ ಮಾತ್ರ ಹೋಗಿದ್ದರೆ ಪಿನ್ನಿನ ಓರೆ ಹೆಚ್ಚು, ತುದಿಯಲ್ಲಿ ಮಾತ್ರ ಹೋಗಿದ್ದರೆ ಕಡಿಮೆ. ಉದ್ದಕ್ಕೂ ಹೋಗಿದ್ದರೆ ಅದೇ ನಿಮ್ಮ ಪಿನ್. ನನ್ನ ತೂತು 3, ತರಿಸಿದ ಮೂರೂ ಸೆಟ್ 5! ತುದಿ ಒಳಗೆ ಅಲ್ಲಾಡುತ್ತಿತ್ತು, ತಂತಿಯ ಬುಡದಲ್ಲಿರುವ ಪುಟ್ಟ ಗುಂಡು ಅದರಡಿಗೆ ಜಾರಿ ಪಿನ್ನನ್ನೇ ಮೇಲಕ್ಕೆ ನೂಕುತ್ತಿತ್ತು.

ರೀಮರ್ ಹಾಕಿ ತೂತು ಅಗಲಿಸಬಹುದಿತ್ತು. ಆದರೆ ಪಿನ್ ಕೆಟ್ಟರೆ ಇನ್ನೊಂದು ಸಿಗುತ್ತದೆ, ತೂತು ಕೆಟ್ಟರೆ ಬ್ರಿಜ್ಜೇ ಹೋಯಿತು. ಹಾಗಾಗಿ ಪೀಠೋಪಕರಣ ಮಾಡುವವರ ಹತ್ತಿರ ಬೀಟೆಯ ಚೂರು ಕೇಳಿ ತಂದೆ, ಕಾಸು ಕೊಡಬೇಕಾಗಲಿಲ್ಲ. ಡ್ರಿಲ್ಲಿಗೆ ಸಿಕ್ಕಿಸಿ, ಮೊದಲು ಅರ, ಆಮೇಲೆ 220, 400ರ ಉಪ್ಪುಕಾಗದ. ನಾಲ್ಕು ಉಜ್ಜಿಗೊಮ್ಮೆ ಪೆನ್ಸಿಲ್ ಪರೀಕ್ಷೆ. ಒಂಬತ್ತು ಮಾಡಿದೆ, ಮೂರು ಮುರಿದವು. ಎಳೆ ಉದ್ದುದ್ದಕ್ಕೆ ಇಲ್ಲದ ಚೂರು ತುದಿಯಲ್ಲಿ ಮುರಿದೇ ಮುರಿಯುತ್ತದೆ.

ಕಾಫಿ ಗಿಡದ ಕಾಂಡದಲ್ಲೂ ನೋಡಿದೆ. ಗಟ್ಟಿ, ನುಣ್ಣಗೆ ಬರುತ್ತದೆ. ಹಸಿಯಲ್ಲೇ ಕಡೆದಿದ್ದಕ್ಕೆ ಮೊದಲ ಸಲದ್ದೆಲ್ಲ ಸೀಳಿತು. ಎಂಟು ತಿಂಗಳು ನೆರಳಲ್ಲಿ ಒಣಗಿಸಿದ್ದು ಚೆನ್ನಾಗಿದೆ, ಇನ್ನೂ ಗಿಟಾರಿಗೆ ಹಾಕಿಲ್ಲ.

ಹಾಕುವಾಗ ಪಿನ್ನಿನ ಮೈಮೇಲಿನ ತೋಡು ಸ್ಯಾಡಲ್, ಅಂದರೆ ಬ್ರಿಜ್ಜಿನಲ್ಲಿ ತಂತಿ ಕೂರುವ ಪಟ್ಟಿ, ಅದರ ಕಡೆಗಿರಲಿ. ತಂತಿಯ ಗುಂಡಿರುವ ತುದಿಯನ್ನು ಚೂರು ಬಗ್ಗಿಸಿ ಇಳಿಸಿ, ಪಿನ್ನನ್ನು ಹೆಬ್ಬೆರಳಲ್ಲಿ ಹಗುರ ಒತ್ತಿಕೊಂಡು ತಂತಿಯನ್ನು ಮೇಲಕ್ಕೆಳೆಯಿರಿ. ಗುಂಡು ಬ್ರಿಜ್ ಪ್ಲೇಟಿಗೆ, ಅಂದರೆ ಬ್ರಿಜ್ಜಿನಡಿ ಗಿಟಾರಿನೊಳಗೆ ಅಂಟಿಸಿದ ಹಲಗೆಗೆ, ತಗುಲಿ ನಿಲ್ಲಬೇಕು. ಒಳಗೆ ಪುಟ್ಟ ಕನ್ನಡಿ ಇಟ್ಟು ಮೊಬೈಲ್ ಟಾರ್ಚ್ ಬಿಟ್ಟರೆ ಕಾಣುತ್ತದೆ. ಪ್ಲೇಟೇ ತಿಂದುಹೋಗಿದ್ದರೆ ಯಾವ ಪಿನ್ನೂ ನಿಲ್ಲುವುದಿಲ್ಲ.

ನಮ್ಮ ಮಲೆನಾಡಿನ ಜುಲೈ ತೇವಕ್ಕೆ ಮರದ ಪಿನ್ ಉಬ್ಬಿ ಕಚ್ಚಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿಗಿಯಾಗಿ ಮಾಡಬೇಡಿ. ಮಳೆಗೆ ಮುಂಚೆ ನಾನು ಪಿನ್ನಿಗೆ ಸವರುವುದು ಒಂದಿದೆ, ಅದು ನನ್ನಲ್ಲೇ ಇರಲಿ. ಕಚ್ಚಿಕೊಂಡರೆ ಇಕ್ಕಳ ಹಾಕಬೇಡಿ. ತಂತಿ ಸಡಿಲಿಸಿ, ಒಳಗೆ ಕೈ ಹಾಕಿ, ನಾಣ್ಯದಿಂದ ಪಿನ್ನಿನ ತುದಿಯನ್ನು ಮೇಲಕ್ಕೆ ಒತ್ತಿ.