ರೇಟಿನ ಕವರ್ ತೆರೆಯಲೇ ಇಲ್ಲ

2018ರಲ್ಲಿ ಒಂದು ಟೆಂಡರ್‌ಗೆ ರೇಟು ಕೂರಿಸಲು ಮೂರು ರಾತ್ರಿ ನಿದ್ದೆಗೆಟ್ಟಿದ್ದೆ. ಆ ರೇಟನ್ನು ಯಾರೂ ನೋಡಲೇ ಇಲ್ಲ. ಮೊದಲ ಕವರಿನಲ್ಲೇ ನಾನು ಔಟ್.

ದಾವಣಗೆರೆಯಲ್ಲಿ ನಾನು ಎಲೆಕ್ಟ್ರಿಕಲ್ ಕಂಟ್ರಾಕ್ಟರ್. ಕಂಬ ನಿಲ್ಲಿಸುವುದು, 11 ಕೆವಿ ಲೈನ್ ಎಳೆಯುವುದು, ಟಿಸಿ (ಟ್ರಾನ್ಸ್‌ಫಾರ್ಮರ್) ಕೂರಿಸುವುದು, ಇದೇ ಕಸುಬು. ಮೊದಲು ಹತ್ತು ವರ್ಷ ದೊಡ್ಡವರ ಕೈಕೆಳಗೆ ಸಬ್ ಕಂಟ್ರಾಕ್ಟ್ ಮಾಡಿದ್ದೆ. ಟೆಂಡರ್ ಹಾಕಲು ಹೋದಾಗ ಆ ಹತ್ತು ವರ್ಷದ ಬೆಲೆ ಸೊನ್ನೆ ಎಂದು ಗೊತ್ತಾಯಿತು. ಕೆಲಸ ನಮ್ಮ ಹೆಸರಿನಲ್ಲೇ ಆಗಿರಬೇಕು, ಸರ್ಟಿಫಿಕೇಟ್ ನಮ್ಮ ಹೆಸರಿಗೇ ಬಂದಿರಬೇಕು.

ನಮಗೆ ಟೆಂಡರ್ ಕರೆಯುವುದು ಕರೆಂಟಿನ ಕಂಪನಿ. ಕಂಪನಿಯಾದರೂ ಸರ್ಕಾರದ ಒಡೆತನದ್ದು, ಹಾಗಾಗಿ 1999ರ ಕೆಟಿಪಿಪಿ ಕಾಯ್ದೆ, ಅಂದರೆ ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಗೆ ಕರ್ನಾಟಕ ಮಾಡಿದ ಕಾಯ್ದೆ, ಅದಕ್ಕೂ ಅನ್ವಯಿಸುತ್ತದೆ. ಸಣ್ಣಪುಟ್ಟ, ತುರ್ತು ಮುಂತಾದ ಕೆಲವು ಕೆಲಸಕ್ಕೆ ವಿನಾಯಿತಿ ಇದೆ. ಉಳಿದದ್ದಕ್ಕೆಲ್ಲ ಟೆಂಡರ್ ಕರೆಯಲೇಬೇಕು. ಎರಡು ಕವರ್ ಪದ್ಧತಿ ಎಂದರೆ ಒಂದರಲ್ಲಿ ಅರ್ಹತೆಯ ಕಾಗದ, ಇನ್ನೊಂದರಲ್ಲಿ ರೇಟು. ಈಗ ಎಲ್ಲ ಆನ್‌ಲೈನ್, ಕಂಪ್ಯೂಟರಿನಲ್ಲಿ ಕವರ್ ಎಲ್ಲಿಂದ ಬರಬೇಕು? ಹೆಸರು ಮಾತ್ರ ಹಾಗೇ ಉಳಿದಿದೆ. ಮೊದಲನೆಯದರಲ್ಲಿ ಪಾಸಾಗದಿದ್ದರೆ ಎರಡನೆಯದನ್ನು ತೆರೆಯುವುದೇ ಇಲ್ಲ.

ನನ್ನನ್ನು ಕೆಡವಿದ್ದು ಬಿಡ್ ಕೆಪಾಸಿಟಿ, ಅಂದರೆ ಇನ್ನೆಷ್ಟು ಮೊತ್ತದ ಕೆಲಸ ಹಿಡಿಯುವ ಶಕ್ತಿ ನಮಗಿದೆ ಎಂಬ ಲೆಕ್ಕ. ಅದು ಟೆಂಡರ್ ಮೊತ್ತಕ್ಕಿಂತ ಕಮ್ಮಿ ಇರಬಾರದು. ಆ ಟೆಂಡರಿನ ಸೂತ್ರ ಹೀಗಿತ್ತು: ಎ ಇಂಟು ಎನ್ ಇಂಟು ಒಂದೂವರೆ, ಅದರಲ್ಲಿ ಬಿ ಕಳೆಯಬೇಕು. 'ಎ' ಎಂದರೆ ಕಳೆದ ಐದು ವರ್ಷದಲ್ಲಿ ಯಾವ ವರ್ಷ ಅತಿ ಜಾಸ್ತಿ ಕೆಲಸ ಮಾಡಿದ್ದೀರೋ ಅದರ ಮೊತ್ತ. 'ಎನ್' ಎಂದರೆ ಈ ಕೆಲಸಕ್ಕೆ ಕೊಟ್ಟಿರುವ ಅವಧಿ, ವರ್ಷದ ಲೆಕ್ಕದಲ್ಲಿ. 'ಬಿ' ಎಂದರೆ ಕೈಯಲ್ಲಿ ಬಾಕಿ ಇರುವ ಕೆಲಸ.

ನನ್ನ ಎ 80 ಲಕ್ಷ. ಅವಧಿ ಆರು ತಿಂಗಳು, ಅಂದರೆ ಅರ್ಧ ವರ್ಷ. ಗುಣಿಸಿದರೆ 60 ಲಕ್ಷ. ಟೆಂಡರ್ ಮೊತ್ತ 42 ಲಕ್ಷ. ಆರಾಮಾಗಿ ಸಿಗುತ್ತದೆ ಅಂದುಕೊಂಡೆ. ಆದರೆ ನನ್ನ ಬಿ 34 ಲಕ್ಷ ಇತ್ತು. ಉಳಿದದ್ದು 26. ಅಲ್ಲಿಗೆ ಕತೆ ಮುಗಿಯಿತು.

ಹೊಟ್ಟೆ ಉರಿದದ್ದು ಯಾಕೆ ಗೊತ್ತಾ? ಆ 34ರಲ್ಲಿ 22 ಲಕ್ಷದ ಕೆಲಸ ನಾಲ್ಕು ತಿಂಗಳ ಹಿಂದೆಯೇ ಮುಗಿದಿತ್ತು. ಲೈನ್ ಚಾರ್ಜ್ ಆಗಿ ಊರಲ್ಲಿ ಬಲ್ಬ್ ಉರಿಯುತ್ತಿತ್ತು. ಕಂಪ್ಲೀಷನ್ ಸರ್ಟಿಫಿಕೇಟ್ ಮಾತ್ರ ಬಂದಿರಲಿಲ್ಲ. ಆ ಕಚೇರಿಯಲ್ಲಿ ಕೇಳಿದಾಗಲೆಲ್ಲ "ಸಾಹೇಬ್ರು ಕ್ಯಾಂಪಲ್ಲಿದಾರೆ" ಎನ್ನುತ್ತಿದ್ದರು. ನಾನೂ ಬರೀ ಬಾಯಲ್ಲಿ ಕೇಳಿ ವಾಪಸ್ ಬರುತ್ತಿದ್ದೆ. ಕಾಗದ ಇಲ್ಲದಿದ್ದರೆ ಮುಗಿದ ಕೆಲಸವೂ ಬಾಕಿ ಕೆಲಸವೇ. 12 ಲಕ್ಷ ಮಾತ್ರ ಕಳೆದಿದ್ದರೆ 48 ಉಳಿಯುತ್ತಿತ್ತು, ನಾನು ರೇಸಿನಲ್ಲಿ ಇರುತ್ತಿದ್ದೆ.

ಬಾವ ಅಪೀಲು ಹಾಕು ಎಂದರು. ಟೆಂಡರ್ ಅಂಗೀಕಾರದ ಆದೇಶದ ಮೇಲೆ 30 ದಿನದೊಳಗೆ ಮೇಲ್ಮನವಿಗೆ ಕಾಯ್ದೆಯ 16ನೇ ಸೆಕ್ಷನ್ನಿನಲ್ಲಿ ಅವಕಾಶ ಇದೆ. ಆದರೆ ಹೋಗಿ ಏನು ಹೇಳಲಿ? ಅವರ ಲೆಕ್ಕ ಸರಿಯಾಗಿಯೇ ಇತ್ತು. ಬಾಕಿ ಕೆಲಸದ ಪಟ್ಟಿಗೆ ಸಹಿ ಹಾಕಿದವನು ನಾನೇ ಅಲ್ವಾ.

ಮುಂದಿನ ಟೆಂಡರ್‌ಗೆ ಉಲ್ಟಾ ಕೆಲಸ ಮಾಡಿದೆ. ರೇಟು ಮುಟ್ಟಲಿಲ್ಲ. ಮೊದಲು ಷರತ್ತು ಓದಿದೆ, ಪೆನ್ಸಿಲ್ ಹಿಡಿದು, ಎರಡು ಸಲ. ಅವಧಿ ಎಂಟು ತಿಂಗಳು. ಆರು ತಿಂಗಳು ದಾಟಿದರೆ ಪೂರ್ತಿ ಒಂದು ವರ್ಷ ಎಂದು ಹಿಡಿಯಬೇಕು ಎಂದು ಆ ಟೆಂಡರಿನಲ್ಲೇ ಬರೆದಿತ್ತು. ಅದೇ 80 ಲಕ್ಷಕ್ಕೆ ಈಗ 1 ಕೋಟಿ 20 ಲಕ್ಷ ಬಂತು! ಎರಡು ತಿಂಗಳ ವ್ಯತ್ಯಾಸಕ್ಕೆ ಲೆಕ್ಕವೇ ಡಬಲ್.

ಆಮೇಲೆ ಬೈಕ್ ಹತ್ತಿ ಜಾಗ ನೋಡಲು ಹೋದೆ, ಚಿತ್ರದುರ್ಗದ ಕಡೆಯ ಹಳ್ಳಿ. ಒಂಬತ್ತು ಮೀಟರ್ ಕಂಬಕ್ಕೆ ಆರನೇ ಒಂದು ಪಾಲು, ಅಂದರೆ ಒಂದೂವರೆ ಮೀಟರ್ ನೆಲದೊಳಗೆ ಹೋಗಬೇಕು. ಹೊಲದ ಅಂಚಿನಲ್ಲಿ ಕಬ್ಬಿಣದ ಹಾರೆ ಹಾಕಿ ನೋಡಿದೆ. ಎರಡು ಅಡಿಗೇ ಠಣ್ ಎಂದಿತು. ಅಲ್ಲೇ ಕುರಿ ಮೇಯಿಸುತ್ತಿದ್ದ ಅಜ್ಜ ನಕ್ಕರು. "ಇಲ್ಲಿ ಬೋರ್‌ವೆಲ್‌ನೋರೇ ಅಳ್ತಾರೆ, ನಿಂದೇನಪ್ಪಾ." ಮಣ್ಣಿನ ಗುಂಡಿಯ ರೇಟು ಹಾಕಿದ್ದರೆ ಮನೆ ಮಾರಬೇಕಿತ್ತು. ಬಂಡೆ ಒಡೆಯುವ ಖರ್ಚು ಸೇರಿಸಿಯೇ ಲೆಕ್ಕ ಹಾಕಿ, ಎಸ್ಟಿಮೇಟಿಗಿಂತ ಶೇಕಡಾ 4 ಕಮ್ಮಿಗೆ ಕೋಟ್ ಮಾಡಿದೆ. ಇನ್ನೊಬ್ಬರು ಶೇಕಡಾ 15 ಕಮ್ಮಿ ಹಾಕಿದ್ದರಂತೆ, ಆದರೆ ಅವರು ಮೊದಲ ಕವರಿನಲ್ಲೇ ಬಿದ್ದರು. ಏನು ಕಾಗದ ಕಮ್ಮಿಯಾಗಿತ್ತೋ, ಪಾಪ. ನಾನು ಎಲ್1, ಅಂದರೆ ಉಳಿದವರಲ್ಲಿ ಅತಿ ಕಮ್ಮಿ ರೇಟಿನವನು.

ಲಾಭ ಹೇಳಿಕೊಳ್ಳುವಷ್ಟೇನೂ ಉಳಿಯಲಿಲ್ಲ, ಬಂಡೆ ಒಡೆಯಲು ತಂದ ಕಂಪ್ರೆಸರ್ ಬಾಡಿಗೆಯೇ ನುಂಗಿತು. ಆದರೆ ಲೈನ್ ಚಾರ್ಜ್ ಆದ ಮರುದಿನ ಬೆಳಿಗ್ಗೆ ಸರ್ಟಿಫಿಕೇಟಿಗೆ ಅರ್ಜಿ ಬರೆದುಕೊಂಡು ಹೋಗಿ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟೆ. ನಕಲಿನ ಮೇಲೆ ಸೀಲು, ತಾರೀಖು ಬೀಳುವವರೆಗೆ ಬೆಂಚು ಬಿಟ್ಟು ಏಳಲಿಲ್ಲ. "ಟೀ ಕುಡಿದು ಬರ್ರೀ, ಹಾಕಿಡ್ತೀನಿ" ಎಂದ ಗುಮಾಸ್ತ. ಟೀ ಅಲ್ಲಿಗೇ ತರಿಸಿದೆ, ಅವನಿಗೂ ಸೇರಿ.