ಹೆಬ್ಬೆರಳಿನಿಂದ ನೆತ್ತಿಯವರೆಗೆ: ದೇಹವನ್ನು ನಿಧಾನವಾಗಿ ಗಮನಿಸುತ್ತಾ ನರಮಂಡಲವನ್ನು ಶಾಂತಗೊಳಿಸುವ ಬಗೆ

ಮೂರು ವರ್ಷಗಳ ಹಿಂದೆ ದಂತವೈದ್ಯರೊಬ್ಬರು ನನ್ನ ಕೈಗೆ ಕನ್ನಡಿ ಕೊಟ್ಟು, ಸವೆದು ಚಪ್ಪಟೆಯಾಗಿದ್ದ ದವಡೆ ಹಲ್ಲುಗಳನ್ನು ತೋರಿಸಿ, ‘ಹಲ್ಲು ಕಚ್ಚಿ ಹಿಡಿಯುವ ಅಭ್ಯಾಸ ಇದೆಯಾ?’ ಎಂದು ಕೇಳಿದರು. ಖಂಡಿತ ಇಲ್ಲ ಎಂದೆ. ಅದೇ ಸಂಜೆ ಹಾಲು ಕಾಯಲು ಇಟ್ಟು ಒಲೆಯ ಮುಂದೆ ನಿಂತಿದ್ದಾಗ, ಮೇಲಿನ ಮತ್ತು ಕೆಳಗಿನ ಹಲ್ಲುಗಳು ಒತ್ತಿಕೊಂಡಿರುವುದೂ, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುವುದೂ, ಎಡಭುಜ ಕಿವಿಯತ್ತ ಏರಿರುವುದೂ ಒಮ್ಮೆಗೇ ಅರಿವಿಗೆ ಬಂತು. ಎದುರಿಗಿದ್ದುದು ಒಂದು ಲೀಟರ್ ಹಾಲು. ದೇಹ ಮಾತ್ರ ಯಾರೊಂದಿಗೋ ಜಗಳಕ್ಕೆ ನಿಂತಂತಿತ್ತು.

ಅಪಾಯದ ಸುಳಿವು ಸಿಕ್ಕೊಡನೆ ಎದೆಬಡಿತವನ್ನು ಏರಿಸಿ, ಸ್ನಾಯುಗಳನ್ನು ಬಿಗಿ ಮಾಡಿ, ಜೀರ್ಣಕ್ರಿಯೆಯನ್ನು ತಾತ್ಕಾಲಿಕವಾಗಿ ಹಿಂದಕ್ಕೆ ಸರಿಸುವುದು ಸಿಂಪಥೆಟಿಕ್ ನರವ್ಯವಸ್ಥೆಯ ಕೆಲಸ. ಅಪಾಯ ಸರಿದ ಮೇಲೆ ಎಲ್ಲವನ್ನೂ ಮೊದಲಿನ ಸ್ಥಿತಿಗೆ ತರುವುದು ಪ್ಯಾರಾಸಿಂಪಥೆಟಿಕ್ ವ್ಯವಸ್ಥೆಯ ಪಾಲಿನದು, ಮತ್ತು ಅದರ ಮುಖ್ಯ ದಾರಿ ಮಿದುಳಿನಿಂದ ಹೊರಟು ಹೃದಯ, ಶ್ವಾಸಕೋಶ, ಜಠರಗಳವರೆಗೆ ಅಲೆದಾಡುವ ವೇಗಸ್ ನರ. ಈ ನರದ ತಂತುಗಳಲ್ಲಿ ಹೆಚ್ಚಿನವು ಮಿದುಳಿನ ಆಜ್ಞೆಯನ್ನು ಕೆಳಗೆ ಒಯ್ಯುವಂಥವಲ್ಲ, ದೇಹದ ಸುದ್ದಿಯನ್ನು ಮೇಲಕ್ಕೆ ಮುಟ್ಟಿಸುವಂಥವು. ಮನಸ್ಸಿಗೆ ‘ಶಾಂತವಾಗಿರು’ ಎಂದು ಎಷ್ಟು ಬುದ್ಧಿ ಹೇಳಿದರೂ ಪ್ರಯೋಜನವಾಗದ ದಿನಗಳಲ್ಲಿ ದೇಹದ ಕಡೆಯಿಂದ ಆರಂಭಿಸಿ ನೋಡುವುದು ಈ ಕಾರಣಕ್ಕೆ ಯುಕ್ತವೆನಿಸುತ್ತದೆ.

ದೇಹದ ಒಂದೊಂದೇ ಭಾಗವನ್ನು ಗಮನಿಸುತ್ತಾ ಹೋಗುವ ಈ ಅಭ್ಯಾಸ ಹೊಸದಲ್ಲ. ಶವದಂತೆ ಅಂಗಾತ ಮಲಗುವ ಶವಾಸನವು ದಣಿವನ್ನು ಕಳೆದು ಚಿತ್ತಕ್ಕೆ ವಿಶ್ರಾಂತಿ ನೀಡುತ್ತದೆ ಎಂದು ಹಠಯೋಗ ಪ್ರದೀಪಿಕೆ ಹೇಳುತ್ತದೆ. ಬಿಹಾರದ ಮುಂಗೇರಿನ ಸ್ವಾಮಿ ಸತ್ಯಾನಂದ ಸರಸ್ವತಿಯವರು ರೂಪಿಸಿದ ಯೋಗನಿದ್ರೆಯಲ್ಲಿ ಗಮನವು ಬಲಗೈ ಹೆಬ್ಬೆರಳಿನಿಂದ ಹೊರಡುತ್ತದೆ. ಅಮೆರಿಕದ ಜಾನ್ ಕಬಟ್-ಜಿನ್ 1979ರಲ್ಲಿ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಆರಂಭಿಸಿದ ಎಂಟು ವಾರಗಳ ತರಬೇತಿಯ ಬಾಡಿ ಸ್ಕ್ಯಾನ್‌ನಲ್ಲಿ ಎಡಗಾಲಿನ ಬೆರಳುಗಳಿಂದ. ಎಸ್.ಎನ್. ಗೋಯೆಂಕಾ ಪರಂಪರೆಯ ವಿಪಶ್ಯನ ಧ್ಯಾನದಲ್ಲಿ ನೆತ್ತಿಯಿಂದ. ಎಲ್ಲಿಂದ ಆರಂಭಿಸಬೇಕೆಂಬ ಬಗ್ಗೆ ಪಂಥಗಳ ನಡುವೆ ಭಿನ್ನಮತವಿದ್ದರೂ, ಗಮನ ಒಂದೊಂದೇ ಭಾಗವನ್ನು ಕ್ರಮವಾಗಿ ಹಾದುಹೋಗಬೇಕೆಂಬ ಬಗ್ಗೆ ಯಾರಿಗೂ ತಕರಾರಿಲ್ಲ. ನಾನು ಕಾಲಿನಿಂದ ಆರಂಭಿಸುತ್ತೇನೆ, ಏಕೆಂದರೆ ಚಿಂತೆ ಮಾಡುವ ತಲೆಯಿಂದ ಅತಿ ದೂರವಿರುವುದು ಅದೇ.

ಮಲಗುವ ಮುನ್ನ

ಊಟವಾಗಿ ಎರಡು ಗಂಟೆಯಾದರೂ ಕಳೆದಿರಲಿ. ನೆಲದ ಮೇಲೆ ಚಾಪೆ ಹಾಸಿ, ಅದರ ಮೇಲೊಂದು ಜಮಖಾನವನ್ನು ಮಡಿಸಿ ಹಾಸಿಕೊಳ್ಳಿ. ಬೆನ್ನು ನೋವಿರುವವರು ಮಂಡಿಗಳ ಕೆಳಗೆ ದಿಂಬೊಂದನ್ನು ಇಟ್ಟರೆ ಸೊಂಟಕ್ಕೆ ಆರಾಮ. ಅಲುಗದೆ ಮಲಗಿದಾಗ ಮೈ ತಣ್ಣಗಾಗುವುದರಿಂದ ತೆಳುವಾದ ಹೊದಿಕೆ ಬೇಕು. ಗರ್ಭಿಣಿಯರು, ಅದರಲ್ಲೂ ಐದು ತಿಂಗಳು ಕಳೆದವರು, ಅಂಗಾತ ಮಲಗದೆ ಎಡಮಗ್ಗುಲಲ್ಲಿ ಮಲಗಬೇಕು. ಪಕ್ಕದ ಮನೆಯ ಕುಕ್ಕರ್ ಸೀಟಿಯನ್ನೂ ಸೊಪ್ಪಿನವರ ಕೂಗನ್ನೂ ನಿಲ್ಲಿಸಲು ಹೋಗಬೇಡಿ. ಪೂರ್ಣ ನಿಶ್ಶಬ್ದಕ್ಕಾಗಿ ಕಾದವರು ಆರಂಭಿಸುವುದೇ ಇಲ್ಲ.

ಮಲಗುವುದಕ್ಕೆ ಮೊದಲು ಕುಳಿತೇ ಒಂದು ಸಣ್ಣ ಪರೀಕ್ಷೆ ಮಾಡಿ. ಎಡಗೈ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ, ಬಲಗೈಯ ಎರಡು ಬೆರಳಿಟ್ಟು ನಾಡಿ ಹಿಡಿಯಿರಿ. ನಾಲ್ಕು ಎಣಿಸುತ್ತಾ ಉಸಿರನ್ನು ಒಳಗೆಳೆದುಕೊಂಡು, ಆರು ಎಣಿಸುತ್ತಾ ಹೊರಬಿಡಿ. ನಾಲ್ಕೈದು ಉಸಿರು ಕಳೆಯುವಷ್ಟರಲ್ಲಿ, ಉಸಿರು ಒಳಗೆ ಬರುವಾಗ ನಾಡಿ ತುಸು ಚುರುಕಾಗುವುದೂ ಹೊರಗೆ ಹೋಗುವಾಗ ನಿಧಾನವಾಗುವುದೂ ಬೆರಳಿಗೆ ತಿಳಿಯಬಹುದು. ಉಸಿರು ಬಿಡುವಾಗ ವೇಗಸ್ ನರ ಹೃದಯದ ಲಗಾಮನ್ನು ಎಳೆಯುವುದರಿಂದ ಹೀಗಾಗುತ್ತದೆ. ಎಳೆಯರಲ್ಲಿ ಈ ಏರಿಳಿತ ಸ್ಪಷ್ಟ, ವಯಸ್ಸಾದಂತೆ ಕ್ಷೀಣ. ನಿಮಗೆ ತಿಳಿಯದಿದ್ದರೆ ಗಾಬರಿ ಬೇಡ.

ಗಮನದ ನಡಿಗೆ

ಅಂಗಾತ ಮಲಗಿ, ಕಾಲುಗಳನ್ನು ಒಂದಡಿ ಅಂತರದಲ್ಲಿಟ್ಟು, ಅಂಗೈಗಳನ್ನು ಮೇಲ್ಮುಖವಾಗಿಸಿ, ದೇಹದ ಭಾರವನ್ನು ನೆಲ ಎಲ್ಲೆಲ್ಲಿ ಹೊತ್ತಿದೆ ಎಂಬುದನ್ನು ಮೊದಲು ಗಮನಿಸಿ. ಹಿಮ್ಮಡಿ, ಮೀನಖಂಡ, ಪೃಷ್ಠ, ಬೆನ್ನಿನ ಹಲಗೆಗಳು, ತಲೆಯ ಹಿಂಭಾಗ. ಇದಕ್ಕೇ ಎರಡು ನಿಮಿಷ ಬೇಕು.

ಬಳಿಕ ಗಮನವನ್ನು ಎಡಗಾಲಿನ ಹೆಬ್ಬೆರಳಿಗೆ ಒಯ್ಯಿರಿ. ಬೆರಳನ್ನು ಅಲುಗಿಸಬೇಡಿ, ಅದರ ಚಿತ್ರವನ್ನು ಮನಸ್ಸಿನಲ್ಲಿ ಬಿಡಿಸಿಕೊಳ್ಳಲೂ ಬೇಡಿ; ಅಲ್ಲಿ ಏನಿದೆಯೋ ಅದನ್ನಷ್ಟೇ ಕೇಳಿಸಿಕೊಳ್ಳಿ. ಬಿಸಿ, ತಂಪು, ಜುಮುಜುಮು, ಬಟ್ಟೆಯ ಸ್ಪರ್ಶ, ಸಣ್ಣ ಮಿಡಿತ, ಅಥವಾ ಏನೂ ಇಲ್ಲ. ಮೂರು ಉಸಿರಿನಷ್ಟು ಹೊತ್ತು ಅಲ್ಲಿದ್ದು ಉಳಿದ ಬೆರಳುಗಳು, ಅಂಗಾಲು, ಹಿಮ್ಮಡಿ, ಕಣಕಾಲು, ಮಂಡಿ, ತೊಡೆ ಎಂದು ಮೇಲಕ್ಕೆ ಬನ್ನಿ. ಬಲಗಾಲೂ ಹಾಗೆಯೇ. ಅನಂತರ ಸೊಂಟ, ಕಿಬ್ಬೊಟ್ಟೆ, ಬೆನ್ನು, ಎದೆ, ಎರಡೂ ಕೈಗಳು, ಕತ್ತು, ಮುಖ, ನೆತ್ತಿ. ಇಡೀ ಸುತ್ತಿಗೆ ಇಪ್ಪತ್ತು ನಿಮಿಷ ಸಾಕು.

ತೊಡೆಯ ಹಿಂಭಾಗಕ್ಕೆ ಬಂದಾಗ ಅನೇಕರು ‘ನನಗೆ ಏನೂ ಗೊತ್ತಾಗುತ್ತಿಲ್ಲ’ ಎಂದು ಕೈಬಿಡುತ್ತಾರೆ. ಅದು ನಿಮ್ಮ ಲೋಪವಲ್ಲ. ಕೆನಡಾದ ನರಶಸ್ತ್ರತಜ್ಞ ವೈಲ್ಡರ್ ಪೆನ್‌ಫೀಲ್ಡ್ 1937ರಲ್ಲಿ ಪ್ರಕಟಿಸಿದ ಮಿದುಳಿನ ನಕ್ಷೆಯಲ್ಲಿ ತುಟಿ, ನಾಲಿಗೆ, ಕೈಬೆರಳುಗಳಿಗೆ ದೊಡ್ಡ ಜಾಗವಿದ್ದು, ಬೆನ್ನು ತೊಡೆಗಳಂಥ ವಿಶಾಲ ಭಾಗಗಳಿಗೆ ಸಣ್ಣ ಪಟ್ಟಿ ಮಾತ್ರವಿದೆ. ಮಂದವಾದ ಕಡೆ ಮಂದತೆಯನ್ನೇ ಗಮನಿಸಿ ಮುಂದಕ್ಕೆ ಹೋಗಿ.

ದವಡೆ, ಕತ್ತು, ಕಿಬ್ಬೊಟ್ಟೆಗಳಲ್ಲಿ ಬಿಗಿತ ಸಿಕ್ಕಾಗ ಅದನ್ನು ಕೂಡಲೇ ಸಡಿಲಿಸಲು ಹೊರಡುವುದು ಎಲ್ಲರೂ ಮಾಡುವ ತಪ್ಪು. ನಾನು ಮೊದಲ ತಿಂಗಳಿಡೀ ಅದನ್ನೇ ಮಾಡಿದೆ. ‘ಸಡಿಲವಾಗು, ಸಡಿಲವಾಗು’ ಎಂದು ದವಡೆಗೆ ಒಳಗಿಂದಲೇ ಗದರುತ್ತಾ ಹುಬ್ಬು ಗಂಟಿಕ್ಕಿಕೊಂಡಿದ್ದೆ. ಬಿಗಿತದ ಅಂಚು ಎಲ್ಲಿ ಆರಂಭವಾಗುತ್ತದೆ, ಎಲ್ಲಿ ಮುಗಿಯುತ್ತದೆ, ಉಸಿರಿನ ಜತೆ ಅದು ಬದಲಾಗುತ್ತದೆಯೇ ಎಂದು ನೋಡುತ್ತಿದ್ದರೆ ಅದು ಹಲವು ಬಾರಿ ತಾನಾಗಿ ಇಳಿಯುತ್ತದೆ, ಕೆಲವು ಬಾರಿ ಇಳಿಯುವುದಿಲ್ಲ. ಹಟ ಹಿಡಿದ ಜಾಗಕ್ಕೆ ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ ಬಳಸುತ್ತಿದ್ದ ಉಪಾಯವಿದೆ: ಆ ಸ್ನಾಯುವನ್ನು ಬೇಕೆಂದೇ ಐದಾರು ಸೆಕೆಂಡು ಹದವಾಗಿ ಬಿಗಿದು, ಥಟ್ಟನೆ ಬಿಟ್ಟು, ಎರಡೂ ಸ್ಥಿತಿಗಳ ವ್ಯತ್ಯಾಸವನ್ನು ಅನುಭವಿಸುವುದು.

ನಡುವೆ ಮನಸ್ಸು ಇಎಂಐ ಕಂತಿಗೋ ಮಗಳ ಪರೀಕ್ಷೆಗೋ ಹಾರಿದರೆ, ಬಿಟ್ಟ ಜಾಗಕ್ಕೆ ಮರಳಿ. ನಿದ್ದೆ ಬಂದರೆ ಬರಲಿ, ಪ್ರತಿದಿನವೂ ಬಂದರೆ ಮಾತ್ರ ಕುಳಿತು ಮಾಡಿ.

ಭಯ ಏರಿದರೆ

ಈ ಭಾಗವನ್ನು ಬಹಳಷ್ಟು ಮಾರ್ಗದರ್ಶಕರು ಹಾರಿಸಿಬಿಡುತ್ತಾರೆ. ಪ್ಯಾನಿಕ್ ತೊಂದರೆಯಿರುವವರಿಗೆ, ಅಪಘಾತ ಅಥವಾ ದೌರ್ಜನ್ಯ ಅನುಭವಿಸಿದವರಿಗೆ, ಕಣ್ಣು ಮುಚ್ಚಿ ಎದೆಯನ್ನೋ ಹೊಟ್ಟೆಯನ್ನೋ ಗಮನಿಸಿದಾಗ ಆತಂಕ ಕಡಿಮೆಯಾಗುವ ಬದಲು ಹೆಚ್ಚಬಹುದು. ಅಂಥ ಹೊತ್ತಿನಲ್ಲಿ ಸಹಿಸಿಕೊಂಡು ಮುಂದುವರಿಯುವುದು ಸಾಧನೆಯಲ್ಲ. ಕಣ್ಣು ತೆರೆಯಿರಿ, ಎದ್ದು ಕುಳಿತು ಪಾದಗಳನ್ನು ನೆಲಕ್ಕೆ ಒತ್ತಿ, ಕೋಣೆಯಲ್ಲಿರುವ ಕ್ಯಾಲೆಂಡರ್, ಕಿಟಕಿಯ ಸರಳು, ಬಾಗಿಲ ಚಿಲಕ ಎಂದು ಒಂದೊಂದನ್ನೇ ನೋಡಿ ಹೆಸರಿಸಿ. ಮರುದಿನ ಪಾದ ಮತ್ತು ಅಂಗೈಗಳನ್ನಷ್ಟೇ, ಕಣ್ಣು ತೆರೆದುಕೊಂಡು, ಮೂರು ನಿಮಿಷ ಗಮನಿಸಿದರೆ ಸಾಕು. ಆತಂಕ ಪದೇಪದೇ ಮರುಕಳಿಸುತ್ತಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು.

ಇದರಿಂದ ಏನು ವಾಸಿಯಾಗುತ್ತದೆ?

ಇಲ್ಲಿ ಲೆಕ್ಕ ಸರಿಯಾಗಿರಬೇಕು. ದೀರ್ಘಕಾಲದ ಸೊಂಟನೋವಿದ್ದ 342 ಜನರ ಮೇಲೆ ನಡೆದು 2016ರಲ್ಲಿ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಬಾಡಿ ಸ್ಕ್ಯಾನ್, ಯೋಗ, ಧ್ಯಾನಗಳನ್ನೊಳಗೊಂಡ ಎಂಟು ವಾರಗಳ ತರಬೇತಿಗೆ ಸೇರಿಸಲ್ಪಟ್ಟವರಲ್ಲಿ ಸುಮಾರು ಶೇ 60ರಷ್ಟು ಮಂದಿಯ ದೈನಂದಿನ ಚಟುವಟಿಕೆ 26 ವಾರಗಳ ಹೊತ್ತಿಗೆ ಗಮನಾರ್ಹವಾಗಿ ಸುಧಾರಿಸಿತ್ತು; ಎಂದಿನ ಚಿಕಿತ್ಸೆಯನ್ನಷ್ಟೇ ಪಡೆದವರಲ್ಲಿ ಈ ಪ್ರಮಾಣ ಸುಮಾರು ಶೇ 44 ಇತ್ತು. ಸಣ್ಣ ಅಂತರವೇನಲ್ಲ, ಪವಾಡವೂ ಅಲ್ಲ. ಸವೆದ ಕೀಲು ಇದರಿಂದ ಬೆಳೆಯುವುದಿಲ್ಲ, ನನ್ನ ಹಲ್ಲುಗಳೂ ಮರಳಿ ಬರಲಿಲ್ಲ. ನೋವಿನ ಸುತ್ತ ನಾವೇ ಸುತ್ತಿಕೊಂಡ ಬಿಗಿತ ಮತ್ತು ಹೆದರಿಕೆ ಕರಗಬಹುದು, ನಿದ್ದೆ ಸುಧಾರಿಸಬಹುದು. ರಕ್ತದೊತ್ತಡದ ಅಥವಾ ಮಾನಸಿಕ ಕಾಯಿಲೆಯ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಕೂಡದು.

ಏಳುವಾಗ ಅವಸರ ಬೇಡ. ಬೆರಳುಗಳನ್ನು ಅಲುಗಿಸಿ, ಬಲಮಗ್ಗುಲಿಗೆ ಹೊರಳಿ ಅರ್ಧ ನಿಮಿಷ ಇದ್ದು, ಕೈಯೂರಿ ಕುಳಿತುಕೊಳ್ಳಿ. ಥಟ್ಟನೆ ಎದ್ದರೆ ತಲೆ ಸುತ್ತಬಹುದು.

ಚಾಪೆಯ ಮೇಲಿನ ಅಭ್ಯಾಸ ಎರಡು ಮೂರು ವಾರ ನಡೆದ ಮೇಲೆ ದಿನದ ಯಾವುದಾದರೂ ಒಂದು ಕೆಲಸಕ್ಕೆ ಅದನ್ನು ಗಂಟು ಹಾಕಿ: ಬಸ್ಸಿಗಾಗಿ ಕಾಯುವಾಗ ಅಂಗಾಲು, ಲ್ಯಾಪ್‌ಟಾಪ್ ತೆರೆಯುವಾಗ ಭುಜ, ಹೀಗೆ. ನಾನು ಹಾಲಿಗೆ ಗಂಟು ಹಾಕಿದ್ದೇನೆ. ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವ ಹೊತ್ತಿಗೆ ದವಡೆಯನ್ನು ನೋಡಿಕೊಳ್ಳುತ್ತೇನೆ, ಕೆನೆ ಮೇಲೇಳುವಷ್ಟರಲ್ಲಿ ಭುಜಕ್ಕೆ ಬಂದಿರುತ್ತೇನೆ. ವಾರಕ್ಕೊಮ್ಮೆಯಾದರೂ ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲುತ್ತದೆ.