ಬೂಶಹರ್ ಕಡತವನ್ನು ವೋಚರ್‌ನಂತೆ ಓದುವ ಕ್ರಮ

ನಾನು ಇತಿಹಾಸ ಓದಿದವನಲ್ಲ. ಕುಂದಾಪುರದಲ್ಲಿ ಬಿ.ಕಾಂ. ಮುಗಿಸಿ ಬಂದು, ಶಾರ್ಜಾದ ಖೋರ್ ಎಂಬ ಹಿನ್ನೀರಿನ ದಂಡೆಯ ಒಂದು ಸರಕು ಸಾಗಣೆ ಆಫೀಸಿನಲ್ಲಿ 22 ವರ್ಷ ಲೆಕ್ಕ ಬರೆದವನು. ಕಿಟಕಿಯಾಚೆ ಲಾಂಚ್‌ಗಳಿಗೆ ಟಯರು, ಫ್ರಿಜ್ಜು, ಈರುಳ್ಳಿ ಚೀಲ ತುಂಬುತ್ತಿದ್ದರೆ, ಒಳಗೆ ನನ್ನ ಮುಂದೆ ವೋಚರ್‌ಗಳ ರಾಶಿ. ನಮ್ಮ ಅರಬಾಬ್, ಅಂದರೆ ಯಜಮಾನರು, ನನ್ನನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. 'ಯಾ ಮುಹಾಸಿಬ್' ಅಂದರೆ ನಾನೇ, ಲೆಕ್ಕಿಗ.

ಒಂದು ಶುಕ್ರವಾರ ರೂಮಿನಲ್ಲಿ ಹೊತ್ತು ಹೋಗದೆ ಕತಾರ್ ಡಿಜಿಟಲ್ ಲೈಬ್ರರಿ ತೆರೆದೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದ್ದ ಇಂಡಿಯಾ ಆಫೀಸ್ ದಾಖಲೆಗಳ ಕೊಲ್ಲಿ ಭಾಗವನ್ನು 2014ರಿಂದ ಅಲ್ಲಿ ಪುಟಪುಟವಾಗಿ ಹಾಕುತ್ತಿದ್ದಾರೆ. ದುಡ್ಡಿಲ್ಲ, ಪರವಾನಗಿ ಬೇಕಿಲ್ಲ. ಅದರಲ್ಲಿ ನಾನು ಹಿಡಿದು ಕೂತದ್ದು ಬೂಶಹರ್‌ನಲ್ಲಿದ್ದ ಬ್ರಿಟಿಷ್ ಕಚೇರಿಯ ಕಡತಗಳನ್ನು. ನಾನು ಎಡವಿದ ಕಡೆಯೆಲ್ಲ ನೀವು ಎಡವಬಾರದೆಂದು ನನ್ನ ಕ್ರಮವನ್ನು ಬರೆದಿಡುತ್ತಿದ್ದೇನೆ.

ಕನ್ನಡದವನಿಗೆ ಇದರಲ್ಲಿ ಏನು ಕೆಲಸ ಅಂತ ಊರಲ್ಲಿ ಕೇಳುತ್ತಾರೆ. ಮಂಗಳೂರಿನ ಅಕ್ಕಿ ಮಸ್ಕತ್ತಿಗೆ ಹೋಗುತ್ತಿತ್ತು, ಟಿಪ್ಪುವಿನ ವ್ಯಾಪಾರದ ಕೋಠಿ ಮಸ್ಕತ್ತಿನಲ್ಲಿತ್ತು. ಅದಕ್ಕಿಂತ ಹೆಚ್ಚಿನ ನಂಟು ಆಡಳಿತದ್ದು. ಬೆಂಗಳೂರಿನ ರೆಸಿಡೆನ್ಸಿ ರೋಡಿಗೆ ಹೆಸರು ಕೊಟ್ಟ 'ರೆಸಿಡೆಂಟ್' ಎಂಬ ಬ್ರಿಟಿಷ್ ಪ್ರತಿನಿಧಿಯ ಹುದ್ದೆಯೇ ಪರ್ಷಿಯಾದ ಕರಾವಳಿಯ ಬೂಶಹರ್‌ನಲ್ಲೂ ಇತ್ತು. ಅಲ್ಲಿನ ರೆಸಿಡೆಂಟ್ 1873ರವರೆಗೆ ಬೊಂಬಾಯಿ ಸರ್ಕಾರಕ್ಕೆ, ಆಮೇಲೆ ನೇರ ಭಾರತ ಸರ್ಕಾರಕ್ಕೆ ವರದಿ ಒಪ್ಪಿಸುತ್ತಿದ್ದ. ಆದರೆ ಮೈಸೂರಿನ ಲೆಕ್ಕವನ್ನು ಅಲ್ಲಿಗೆ ಹಾಕಬೇಡಿ. ಮೈಸೂರಿನಲ್ಲಿ ದಂಡು ಕೂತಿತ್ತು, ಕಪ್ಪ ಹೋಗುತ್ತಿತ್ತು. ಅರಬ್ ಕರಾವಳಿಯಲ್ಲಿ 1820ರ ಕೆಲವು ತಿಂಗಳ ಪಡೆ ಬಿಟ್ಟರೆ, ಇಡೀ 19ನೇ ಶತಮಾನದಲ್ಲಿ ಒಬ್ಬ ಬ್ರಿಟಿಷ್ ಅಧಿಕಾರಿಯೂ ಕಾಯಂ ಆಗಿ ನೆಲೆಸಲಿಲ್ಲ. ಹಡಗು ಬರುತ್ತಿತ್ತು, ಹೋಗುತ್ತಿತ್ತು.

ಮೊದಲ ಕೆಲಸ, ಹೆಸರುಗಳಿಗೊಂದು ಪುಸ್ತಕ ಇಡಿ. ನಾನು ಇಡಲಿಲ್ಲ, ಒಂದು ತಿಂಗಳು ಕಳೆದುಕೊಂಡೆ. ಶಾರ್ಜಾ, ರಾಸ್ ಅಲ್ ಖೈಮಾ ಆಳಿದ ಕವಾಸಿಮ್‌ರನ್ನು ಹುಡುಕಿದರೆ ಏನೂ ಸಿಗಲಿಲ್ಲ. ಬದಲಿಗೆ 'ಜೋಆಸ್ಮೀ' ಎಂಬ ಯಾವುದೋ ಬುಡಕಟ್ಟು ಎಲ್ಲ ಕಡೆ ಹಡಗು ಹಿಡಿಯುತ್ತಿತ್ತು. ಇವರಾರೋ ಬೇರೆ ಜನ, ಕವಾಸಿಮ್‌ರ ಶತ್ರುಗಳಿರಬೇಕು ಅಂತ ಟಿಪ್ಪಣಿ ಬೇರೆ ಬರೆದೆ! ಅರಬಾಬ್‌ಗೆ ತೋರಿಸಿದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. 'ಮುಹಾಸಿಬ್, ಇಲ್ಲಿ ಹಳಬರ ಬಾಯಲ್ಲಿ ಕಾಫ್ ಅಕ್ಷರ ಜೀಮ್ ಆಗುತ್ತೆ. ಕವಾಸಿಮ್, ಜವಾಸಿಮ್, ಎರಡೂ ಒಂದೇ ಮನೆ.' ಬೆಂಗಳೂರನ್ನು ಬ್ಯಾಂಗಲೋರ್, ಮಡಿಕೇರಿಯನ್ನು ಮರ್ಕೆರಾ ಮಾಡಿದ ಕೈಯೇ ಇಲ್ಲಿಯೂ ಬರೆದಿದೆ ಅಂತ ನನಗೆ ಮೊದಲೇ ಹೊಳೆಯಬೇಕಿತ್ತು. ಶಾರ್ಜಾ ಅಲ್ಲಿ 'ಶಾರ್ಗಾ', ದುಬೈ 'ಡೆಬಾಯೆ', ಅಬುಧಾಬಿ 'ಅಬೂಥಬೀ'. ಒಂದೊಂದು ಹೆಸರಿಗೂ ಅರ್ಧ ಪುಟ ಬಿಟ್ಟುಕೊಂಡು, ಕಂಡ ಕಾಗುಣಿತವನ್ನೆಲ್ಲ ಕೆಳಗೆ ಬರೆಯುತ್ತ ಹೋಗಿ. ಆಮೇಲೆ ಆ ಒಂದೊಂದನ್ನೂ ಬೇರೆಬೇರೆಯಾಗಿ ಹುಡುಕಿ.

ಎರಡನೆಯದು ನನ್ನ ಕಸುಬಿನಿಂದ ಬಂದದ್ದು. ವೋಚರ್ ಕೈಗೆ ಬಂದರೆ ನಾವು ಮೊತ್ತ ನೋಡುವ ಮೊದಲು ಸಹಿ ನೋಡುತ್ತೇವೆ. ಕಡತದಲ್ಲೂ ಹಾಗೇ. 'ಶಾರ್ಜಾದ ಶೇಖ್ ಒಪ್ಪಂದ ಮುರಿದಿದ್ದಾನೆ' ಎಂಬ ಸಾಲು ಕಂಡಾಗ, ಇದನ್ನು ಕಣ್ಣಾರೆ ಕಂಡವರು ಯಾರು ಅಂತ ಕೇಳಿಕೊಳ್ಳಿ. ಬರೆದವನು ರೆಸಿಡೆಂಟ್, ಅವನು ಕೊಲ್ಲಿಯ ಆಚೆ ದಡದಲ್ಲಿದ್ದಾನೆ. ಅವನಿಗೆ ಹೇಳಿದವನು ಶಾರ್ಜಾದಲ್ಲಿದ್ದ ರೆಸಿಡೆನ್ಸಿ ಏಜೆಂಟ್. ಕಾಗದದಲ್ಲಿ 'ನೇಟಿವ್ ಏಜೆಂಟ್'. 1820ರ ದಶಕದಿಂದ ಈ ಹುದ್ದೆಯಲ್ಲಿದ್ದವರು ಅರಬ್ಬಿ, ಫಾರಸಿ ಬಲ್ಲ ಸ್ಥಳೀಯ ಮುಸ್ಲಿಮರು, ಹೆಚ್ಚಿನವರು ವ್ಯಾಪಾರದ ಮನೆಯವರು. 1890ರಿಂದ 1919ರವರೆಗೆ ಅಬ್ದುಲ್ ಲತೀಫ್ ಒಬ್ಬರೇ ಅಲ್ಲಿ ಕೂತಿದ್ದರು. ಅವರ ನಂತರ ಮಗ ಈಸಾ. ಬೂಶಹರ್‌ನಲ್ಲಿ ಅಷ್ಟು ಹೊತ್ತಿಗೆ ಎಷ್ಟು ರೆಸಿಡೆಂಟರು ಬಂದುಹೋದರೋ! ಏಜೆಂಟನ ಪತ್ರ ಅಲ್ಲಿನ ಮುನ್ಷಿಯ ಕೈಯಲ್ಲಿ ಇಂಗ್ಲಿಷ್ ಆಗಿ, ರೆಸಿಡೆಂಟನ ಕೈಯಲ್ಲಿ ಸಂಕ್ಷೇಪವಾಗಿ, ಬೊಂಬಾಯಿಯಲ್ಲಿ ಎರಡು ಸಾಲಿನ ಟಿಪ್ಪಣಿಯಾಗುತ್ತದೆ. ನೀವು ಬೊಂಬಾಯಿಯ ಎರಡು ಸಾಲು ಓದಿ ತೃಪ್ತರಾದರೆ ಮೂಲ ಬಿಲ್ಲು ನೋಡದೆ ಪಾಸು ಮಾಡಿದ ಹಾಗೆ. ನನ್ನ ನೋಟ್ ಪುಸ್ತಕದಲ್ಲಿ ಎಡಗಡೆಯ ಕಾಲಂ ಪೂರ್ತಿ 'ಹೇಳಿದ್ದು ಯಾರು' ಎಂಬುದಕ್ಕೇ ಮೀಸಲು.

ತಾರೀಖುಗಳಿಗೆ ಹಿಜರಿ ಪರಿವರ್ತನೆಯ ಪಟ್ಟಿ ಬೇಕಾಗುತ್ತದೆ, ಅಂತರ್ಜಾಲದಲ್ಲಿ ಸಿಗುತ್ತದೆ. ಅದಕ್ಕಿಂತ ಮುಖ್ಯ, ಪತ್ರ ಹೊರಟ ದಿನ ಮತ್ತು ತಲುಪಿದ ದಿನ ಎರಡನ್ನೂ ಬರೆದುಕೊಳ್ಳುವುದು. ಉಗಿ ಹಡಗಿನ ಅಂಚೆ ಕೊಲ್ಲಿಗೆ ಬಂದದ್ದು 1862ರಲ್ಲಿ, ಬೂಶಹರ್‌ಗೆ ತಂತಿ ಬಂದದ್ದು 1864ರಲ್ಲಿ. ಅದಕ್ಕೆ ಮೊದಲಿನ ಕಡತಗಳಲ್ಲಿ ಬೊಂಬಾಯಿಯ ಆಜ್ಞೆ ಬರುವಷ್ಟರಲ್ಲಿ ರೆಸಿಡೆಂಟ್ ಕೆಲಸ ಮುಗಿಸಿರುತ್ತಿದ್ದ. 'ಸರ್ಕಾರದ ನೀತಿ' ಎಂದು ಕಾಣುವುದು ಎಷ್ಟೋ ಸಲ ಆಗಿಹೋದ ಖರ್ಚಿಗೆ ಆಮೇಲೆ ಕೊಟ್ಟ ಮಂಜೂರಾತಿ.

ಈಗ ಒಪ್ಪಂದಗಳು. ಎಲ್ಲರೂ ಇಲ್ಲಿಂದಲೇ ಶುರು ಮಾಡುತ್ತಾರೆ. ಹೆಸರು ಮತ್ತು ಸಹಿ ಗೊತ್ತಾದ ಮೇಲೆ ಬನ್ನಿ ಎಂಬುದು ನನ್ನ ಸಲಹೆ. 1819ರ ಡಿಸೆಂಬರಿನಲ್ಲಿ ಮೇಜರ್ ಜನರಲ್ ಗ್ರಾಂಟ್ ಕೀರ್‌ನ ಪಡೆ ರಾಸ್ ಅಲ್ ಖೈಮಾವನ್ನು ಹೊಡೆದುರುಳಿಸಿತು. 1820ರ ಜನವರಿ 8ರಂದು, ಹಿಜರಿ 1235ರ ರಬೀ ಉಲ್ ಅವ್ವಲ್ 22ಕ್ಕೆ, ಅಲ್ಲಿಯೇ ಕಡಲ ಲೂಟಿ ನಿಲ್ಲಿಸುವ 'ಜನರಲ್ ಟ್ರೀಟಿ', ಎಲ್ಲರಿಗೂ ಸೇರಿದ ಒಂದು ಒಪ್ಪಂದ. ಆದರೆ ಸಹಿಗಳನ್ನು ನೋಡಿ. ಎಲ್ಲ ಶೇಖರೂ ಸಾಲಾಗಿ ನಿಂತು ಒಂದೇ ದಿನ ಹಾಕಿದ್ದಲ್ಲ. ರಾಸ್ ಅಲ್ ಖೈಮಾದ ಹಸನ್ ಬಿನ್ ರಹ್ಮಾ ಮೊದಲ ದಿನ ಹಾಕಿದ. ಶಾರ್ಜಾದ ಸುಲ್ತಾನ್ ಬಿನ್ ಸಕ್ರ್ ಹಾಕಿದ್ದು ಫೆಬ್ರುವರಿಯಲ್ಲಿ. ಅಜ್ಮಾನ್, ಉಮ್ ಅಲ್ ಕುವೈನ್‌ನವರು ಬಂದಾಗ ಮಾರ್ಚ್. ದುಬೈ ಶೇಖ್ ಇನ್ನೂ ಹುಡುಗ, ಅವನ ಪರವಾಗಿ ಇನ್ನೊಬ್ಬರು ಹಾಕಿದರು. ಯಾರು ಯಾವಾಗ ಬಂದರು ಎಂಬುದರಲ್ಲೇ ಅರ್ಧ ಕಥೆ ಇದೆ. ಒಪ್ಪಂದದೊಳಗೆ ಬಿಳಿ ಅಂಚಿನ ಕೆಂಪು ಬಾವುಟದ ಮಾತಿದೆ, ಹಡಗಿಗೆ ನೋಂದಣಿ ಕಾಗದ ಬೇಕು ಎಂಬ ಮಾತಿದೆ. ಆಫ್ರಿಕಾದ ಕರಾವಳಿಯಿಂದ ಜನರನ್ನು ಗುಲಾಮರಾಗಿ ಹೊತ್ತೊಯ್ಯುವುದೂ ಲೂಟಿಯೇ ಎಂಬ 9ನೇ ಕಲಮೂ ಇದೆ.

'ಕಡಲ್ಗಳ್ಳರು' ಎಂಬ ಪದ ಬಂದಲ್ಲೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ನಕ್ಷೆಯಲ್ಲೇ ಆ ತೀರಕ್ಕೆ 'ಪೈರೇಟ್ ಕೋಸ್ಟ್' ಎಂದು ಅಚ್ಚು ಹಾಕಿದ್ದರು. ಈಗಿನ ಶಾರ್ಜಾದ ದೊರೆ ಸ್ವತಃ ಕವಾಸಿಮ್ ಮನೆತನದವರು. 1985ರಲ್ಲಿ ಎಕ್ಸೆಟರ್‌ನಲ್ಲಿ ಪಡೆದ ಡಾಕ್ಟರೇಟಿನಲ್ಲಿ ಇದೇ ಆರೋಪವನ್ನು ಅಲ್ಲಗಳೆದವರು. ಹಡಗು ಹಿಡಿದದ್ದೇ ಸುಳ್ಳು ಅಂತ ನಾನಂತೂ ಹೇಳಲಾರೆ. ಆದರೆ ಮಸ್ಕತ್ತಿನ ಜೊತೆಗಿನ ಯುದ್ಧವೆಷ್ಟು, ಸುಂಕದ ಜಗಳವೆಷ್ಟು, ಬರೀ ಲೂಟಿಯೆಷ್ಟು ಎಂಬುದನ್ನು ಬೊಂಬಾಯಿಯ ಗುಮಾಸ್ತ ಒಂದೇ ತಲೆಬರಹದಡಿ ಹಾಕಿದ್ದಾನೆ. ತಪ್ಪು ತಲೆಬರಹಕ್ಕೆ ಹಾಕಿದ ಖರ್ಚು ನನಗೆ ದೂರದಿಂದಲೇ ವಾಸನೆ ಬರುತ್ತದೆ.

1835ರ ಕಡಲ ಶಾಂತಿ ನನಗೆ ಎಲ್ಲಕ್ಕಿಂತ ರುಚಿಸಿದ್ದು, ಯಾಕೆಂದರೆ ಅದರ ಹಿಂದೆ ದುಡ್ಡಿದೆ. ಬೇಸಿಗೆಯಲ್ಲಿ ಮುತ್ತಿನ ಮುಳುಗು. ಆಗ ಎಲ್ಲ ಊರಿನ ದೋಣಿಗಳೂ ಅದೇ ದಿಬ್ಬಗಳ ಮೇಲೆ ಇರುತ್ತವೆ. ಯಾರೋ ಒಬ್ಬರ ದೋಣಿಗೆ ಕೈ ಹಾಕಿದರೆ ಎಲ್ಲರ ವರ್ಷದ ಅನ್ನ ಹೋಯಿತು. ಹೆನೆಲ್ ಎಂಬ ಅಧಿಕಾರಿ ಆ ಆರು ತಿಂಗಳಿಗೆ ಮಾತ್ರ ಸಮುದ್ರದ ಮೇಲೆ ಜಗಳ ಬೇಡ ಅಂತ ಶೇಖರನ್ನು ಒಪ್ಪಿಸಿದ. ವರ್ಷವರ್ಷವೂ ನವೀಕರಣ. 1843ರಲ್ಲಿ 10 ವರ್ಷಕ್ಕೆ, 1853ರ ಮೇ ತಿಂಗಳಲ್ಲಿ ಕಾಯಂ. ಆ ತೀರಕ್ಕೆ 'ಟ್ರೂಶಿಯಲ್ ಕೋಸ್ಟ್' ಎಂಬ ಹೆಸರು ಹುಟ್ಟಿದ್ದೇ ಈ 'ಟ್ರೂಸ್'ನಿಂದ, ಅಂದರೆ ಕದನವಿರಾಮದಿಂದ. 1892ರ ಒಪ್ಪಂದ ಬೇರೆ ಜಾತಿಯದು. ಬ್ರಿಟಿಷರನ್ನು ಬಿಟ್ಟು ಬೇರೆ ಸರ್ಕಾರದ ಜೊತೆ ಪತ್ರವ್ಯವಹಾರ ಕೂಡದು, ಭೂಮಿ ಮಾರಕೂಡದು, ಅಡವಿಡಕೂಡದು. ಅದನ್ನು ಒಂದು ಸಲ ಓದಿದರೆ ಸಾಕು, ಒಳಗೆ ಗುಟ್ಟೇನಿಲ್ಲ.

ಈ ಕಾಗದಗಳನ್ನು ಓದುವಾಗ, ಏನು ಬರೆದಿಲ್ಲ ಎಂಬುದನ್ನು ಪಕ್ಕದಲ್ಲಿ ಬರೆಯಿರಿ. 1835, 1853 ಎರಡೂ ಸಮುದ್ರದ ಲೆಕ್ಕ. ದಡ ಹತ್ತಿದ ಮೇಲೆ ಯಾರು ಯಾರನ್ನು ಹೊಡೆದರೂ ರೆಸಿಡೆಂಟ್ ಸಾಧಾರಣವಾಗಿ ತಲೆಹಾಕುತ್ತಿರಲಿಲ್ಲ. ಹಾಗಾಗಿ ಜಗಳವೆಲ್ಲ ಒಳನಾಡಿಗೆ ಸರಿಯಿತು. ಅಲ್ಲಿ ಯಾರು ಯಾರ ಕಡೆ ಎಂಬುದಕ್ಕೆ ಬಣ್ಣದ ಪೆನ್ಸಿಲ್ ಬೇಕು. ಒಮಾನಿನ 18ನೇ ಶತಮಾನದ ಅಂತರ್ಯುದ್ಧದಿಂದ ಬುಡಕಟ್ಟುಗಳು ಗಾಫಿರಿ, ಹಿನಾವಿ ಎಂದು ಎರಡು ಪಣವಾದವು. ಕವಾಸಿಮ್ ಗಾಫಿರಿ, ಅಬುಧಾಬಿಯ ಬನೀ ಯಾಸ್ ಹಿನಾವಿ. ನಮ್ಮ ಹಳೇ ಎಡಗೈ ಬಲಗೈ ಪಣಗಳನ್ನು ನೆನೆಸಿಕೊಂಡರೆ ಸ್ವಲ್ಪ ಹಿಡಿತ ಸಿಗುತ್ತದೆ. ಜಾತಿಯ ಮಾತು ಮಾತ್ರ ಅಲ್ಲಿಗೆ ಹೊಂದದು. ನಾನು ಗಾಫಿರಿಗೆ ಹಸಿರು, ಹಿನಾವಿಗೆ ನೀಲಿ ಹಚ್ಚಿದೆ. ಕೆಲವು ಪುಟಗಳಲ್ಲಿ ಹಸಿರು ನೀಲಿಯ ಜೊತೆ ಸೇರಿ ಹಸಿರನ್ನೇ ಹೊಡೆಯುತ್ತಿರುತ್ತದೆ. ಅಲ್ಲಿ ಬಣ್ಣ ನಂಬಬೇಡಿ, ಒಂಟೆ, ಬಾವಿ, ಸಾಲ ಯಾರದು ನೋಡಿ.

ಇನ್ನು ತಿರುಳು. ಕಡತದಲ್ಲಿ ಶೇಖ್ ಅಂದರೆ ರಾಜ. ಸಹಿ ಅವನದು, ದಂಡವೂ ಅವನ ಮೇಲೆ. ನೆಲದ ಮೇಲೆ ಅವನ ಕೈಕೆಳಗಿನವರಿಗೆ ಅವನು ಸರಿಬಾರದಿದ್ದರೆ ಬಂಡಾಯವೇ ಬೇಕಿರಲಿಲ್ಲ. ಹೆಂಡತಿ ಮಕ್ಕಳು, ದೋಣಿ, ಖರ್ಜೂರದ ಗರಿಯ ಮನೆಯ ಗಳು ಎಲ್ಲ ಹೊತ್ತು ಬೇರೆ ದಡಕ್ಕೆ ಹೋದರಾಯಿತು. ಇದನ್ನು ಕಡತ 'ವಲಸೆ' ಎಂಬ ಒಣ ಪದದಲ್ಲಿ ಮುಗಿಸುತ್ತದೆ. ಆ ಪದ ಕಂಡಲ್ಲಿ ನಿಲ್ಲಿ.

1833ರಲ್ಲಿ ಅಬುಧಾಬಿಯಲ್ಲಿ ತಹನೂನ್ ಬಿನ್ ಶಖ್ಬೂತ್‌ನನ್ನು ಅವನ ಸೋದರ ಖಲೀಫಾನೇ ಕೊಂದು ಅಧಿಕಾರ ಹಿಡಿದ. ಬೇಸತ್ತ ಆಲ್ ಬೂ ಫಲಾಸಾ ಎಂಬ ಬನೀ ಯಾಸ್ ಶಾಖೆಯ ಸುಮಾರು 800 ಜನ ದುಬೈಗೆ ನಡೆದರು. ಮುಂದಾಳುಗಳು ಉಬೈದ್ ಬಿನ್ ಸಯೀದ್ ಮತ್ತು ಮಕ್ತೂಮ್ ಬಿನ್ ಬುತಿ. ಇವತ್ತಿಗೂ ದುಬೈ ಆಳುತ್ತಿರುವುದು ಮಕ್ತೂಮ್ ಮನೆ.

ಇದೇ ಬನೀ ಯಾಸ್‌ನ ಕುಬೈಸಾತ್ ಶಾಖೆಯ ಕಥೆಯನ್ನು ನಿಮ್ಮ ಮೊದಲ ಅಭ್ಯಾಸವಾಗಿ ತೆಗೆದುಕೊಳ್ಳಿ. ಚಿಕ್ಕದು, ಪಾತ್ರಗಳು ಕಡಿಮೆ. ಇವರು 1835ರಲ್ಲಿ, 1849ರಲ್ಲಿ, 1869ರಲ್ಲಿ, ಹೀಗೆ ಮೂರು ಸಲ ಅಬುಧಾಬಿ ಬಿಟ್ಟು ಕತಾರ್ ಬುಡದ ಖೋರ್ ಅಲ್ ಉದೈದ್ ಎಂಬ ಹಿನ್ನೀರಿಗೆ ಹೋದರು. ಅಬುಧಾಬಿಗೆ ಇದು ಬರೀ ಮಾನದ ಪ್ರಶ್ನೆಯಲ್ಲ. ಮುತ್ತಿನ ಮುಳುಗುಗಾರರು ದೋಣಿಯ ಒಡೆಯ ನಾಖುದಾನಿಂದ ಮುಂಗಡ ತೆಗೆದುಕೊಂಡಿರುತ್ತಾರೆ, ನಾಖುದಾ ವ್ಯಾಪಾರಿಯಿಂದ. ಜನ ಹೋದರೆ ಸಾಲವೂ ಹೋಯಿತು. 1879ರಲ್ಲಿ ಸಾಲ ತೀರಿಸದೆ ಓಡಿದವರನ್ನು ಪರಸ್ಪರ ಒಪ್ಪಿಸಬೇಕೆಂದು ಶೇಖರೆಲ್ಲ ರೆಸಿಡೆಂಟನ ಮುಂದೆ ಕರಾರು ಮಾಡಿಕೊಂಡದ್ದು ಇದಕ್ಕೇ. ಮೂರನೇ ಸಲ ಹೋದಾಗ ಬುತಿ ಬಿನ್ ಖಾದಿಮ್ ಮುಂದಾಳು. 1871ರಲ್ಲಿ ತುರ್ಕಿಯ ಆಟೊಮನ್ನರು ಅರೇಬಿಯಾದ ಪೂರ್ವ ಕರಾವಳಿಯ ಅಲ್ ಹಸಾ ಮತ್ತು ದೋಹಾಕ್ಕೆ ಬಂದರು. ನಾಲ್ಕಾರು ಮನೆಯ ಹಿನ್ನೀರು ಇದ್ದಕ್ಕಿದ್ದಂತೆ ಎರಡು ಸಾಮ್ರಾಜ್ಯಗಳ ಗಡಿಯಾಯಿತು. 1878ರಲ್ಲಿ ಅಬುಧಾಬಿಯ ಶೇಖ್ ಜಾಯಿದ್ ಬಿನ್ ಖಲೀಫಾ ದೋಣಿಗಳನ್ನು ಕಟ್ಟಿಕೊಂಡು ಹೊರಟಾಗ ಟೀಜರ್ ಎಂಬ ಬ್ರಿಟಿಷ್ ಹಡಗು ಜೊತೆಗಿತ್ತು. ತಲುಪಿದರೆ ಊರಲ್ಲಿ ನರಪಿಳ್ಳೆಯಿಲ್ಲ. ಖಾಲಿ ಮನೆ ಕೆಡವಿ ವಾಪಸು ಬಂದರು. ಎರಡು ವರ್ಷದಲ್ಲಿ ಕುಬೈಸಾತ್ ತಾವಾಗಿಯೇ ರಾಜಿ ಮಾಡಿಕೊಂಡು ಅಬುಧಾಬಿಗೆ ಮರಳಿದರು. ಬೂಶಹರ್‌ನ ಜಮಾಖರ್ಚಿನಲ್ಲಿ ಇದು ಹಡಗಿನ ಗೆಲುವು. ನನಗೆ ಕಾಣುವುದು, 45 ವರ್ಷ ಒಂದು ಸಣ್ಣ ಶಾಖೆ ತನ್ನ ಶೇಖನ ಜೊತೆ ಕಾಲಿನಲ್ಲೇ ಚೌಕಾಸಿ ಮಾಡಿದ್ದು.

ಕೊನೆಗೊಂದು ಮಾತು, ಇಂಗ್ಲಿಷ್ ಅನುವಾದ ಸಿಕ್ಕಿತು ಅಂತ ಹಿಂದಿನ ಮುಂದಿನ ಪುಟ ತಿರುವದೆ ಬಿಡಬೇಡಿ. ಎಷ್ಟೋ ಕಡೆ ಅರಬ್ಬಿ ಮೂಲ ಪಕ್ಕದಲ್ಲೇ ಹೊಲಿದಿರುತ್ತದೆ. ಅನುವಾದ ಶುರುವಾಗುವುದೇ 'ಉಪಚಾರದ ಮಾತುಗಳ ನಂತರ' ಎಂದು. ನಮ್ಮ ಅಜ್ಜ ಬೊಂಬಾಯಿಗೆ ಬರೆಯುತ್ತಿದ್ದ ಕಾಗದದಲ್ಲಿ 'ಉಭಯಕುಶಲೋಪರಿ'ಗೆ ಮೊದಲಿನದನ್ನೆಲ್ಲ ಕತ್ತರಿಸಿದಂತೆ. ನನಗೆ ಅರಬ್ಬಿ ಓದಲು ಬರುವುದು ಇನ್‌ವಾಯ್ಸ್ ಮಟ್ಟಿಗೆ. ಹಾಗಾಗಿ ಒಂದು ಪುಟ ಪ್ರಿಂಟ್ ತೆಗೆದು ಅರಬಾಬ್ ಮುಂದಿಟ್ಟೆ. ಅವರು ಕನ್ನಡಕ ಏರಿಸಿ, ಮುನ್ಷಿ ಬಿಟ್ಟಿದ್ದ ಆ ಭಾಗವನ್ನೇ ಜೋರಾಗಿ, ರಾಗವಾಗಿ ಓದತೊಡಗಿದರು. ಗಹ್ವಾ, ಅರಬ್ಬರ ಕಾಫಿ, ತಂದ ಹುಡುಗ ಬಾಗಿಲಲ್ಲೇ ನಿಂತ. ಐದು ಸಾಲಾದರೂ ವಿಷಯ ಬರಲಿಲ್ಲ. 'ವಿಷಯ ಎಲ್ಲಿ?' ಅಂದೆ. 'ತಾಳು ಮುಹಾಸಿಬ್,' ಅಂದರು. 'ಇವನು ಸಾಹೇಬನನ್ನು ತನಗಿಂತ ಮೇಲಿಟ್ಟು ಬರೆದಿದ್ದಾನಾ, ಸರಿಸಮ ಇಟ್ಟು ಬರೆದಿದ್ದಾನಾ, ಅದನ್ನು ನೋಡ್ತಾ ಇದ್ದೀನಿ.'